ಮೇಷ್ಟ್ರ ತಲೆಯ ಮೇಲಿನ ಶೀರ್ಷಿಕೆ

ನಾನು ಬರೆದದ್ದನ್ನು ನಾನೇ ಒರೆಸಲು ಒದ್ದೆ ಬಟ್ಟೆ ಹಿಡಿದು ಮರುಳಸಿದ್ದಪ್ಪ ಮೇಷ್ಟ್ರ ಮನೆಗೆ ಹೋದೆ. ಟಿವಿಯಲ್ಲಿ ಬಂದ ಶೀರ್ಷಿಕೆ ಆ ಮನುಷ್ಯನ ತಲೆಯ ಮೇಲೆ ನಿಂತುಬಿಡುತ್ತದೆ. ಹೊತ್ತವರಿಗೆ ಕಾಣುವುದಿಲ್ಲ, ಊರಿಗೆಲ್ಲ ಕಾಣುತ್ತದೆ. ಸುಳ್ಳೆಂದು ಗೊತ್ತಾದರೆ ಬರೆದವರೇ ಹೋಗಿ ಅಳಿಸಬೇಕು.

ಬಿಸಿಲಿಗೆ ತಲೆಸುತ್ತಿ ಬಿದ್ದ ವಿದ್ಯಾರ್ಥಿನಿಯನ್ನು ಎತ್ತಿಕೊಂಡು ಮೇಷ್ಟ್ರು ಆಸ್ಪತ್ರೆಗೆ ಓಡಿದ್ದರು. ನಮ್ಮ ಚಾನೆಲ್ಲಿಗೆ ಬಂದ ವಿಡಿಯೋದಲ್ಲಿ ಎತ್ತಿಕೊಂಡದ್ದಷ್ಟೇ ಇತ್ತು. ಯಾರನ್ನೂ ವಿಚಾರಿಸದೆ ‘ಕಾಮುಕ ಮೇಷ್ಟ್ರು?’ ಎಂದು ಬರೆದೆ. ಕೇಸು ಬೀಳದಿರಲೆಂದು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುವುದು ನಮ್ಮ ಸುದ್ದಿ ಡೆಸ್ಕಿನ ರೂಢಿ.

ನನಗೆ ಎಟುಕಲೆಂದು ಮೇಷ್ಟ್ರು ತಾವಾಗಿಯೇ ಸ್ಟೂಲಿನ ಮೇಲೆ ಕೂತರು.

“ತಪ್ಪಾಯ್ತು ಸಾರ್.”

“ಮೊದ್ಲು ಒರೆಸಮ್ಮ. ಸೋಮವಾರ ಸ್ಕೂಲಿಗೆ ಹೋಗ್ಬೇಕು.”

ಎರಡು ಪದಗಳೂ ಸಲೀಸಾಗಿ ಅಳಿಸಿಹೋದವು. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹೋಗಲಿಲ್ಲ. ಉಜ್ಜಿದೆ, ಉಗುರಿನಿಂದ ಕೆರೆದೆ. ಅದು ಇನ್ನಷ್ಟು ಕಪ್ಪಾಯಿತು.

“ಹೋಯ್ತೇನಮ್ಮ?” ಎಂದು ಮೇಷ್ಟ್ರು ಕೇಳಿದರು.

ಕಾಫಿ ತಂದ ಅವರ ಹೆಂಡತಿ ಗಂಡನ ತಲೆಯ ಮೇಲೆ ನೋಡಿದರು, ಆಮೇಲೆ ನನ್ನ ಕಡೆ. ನಾನು ಬಾಯಿ ತೆರೆಯುವ ಮೊದಲೇ ಲೋಟವನ್ನು ನನ್ನ ಕೈಗಿಟ್ಟರು.

“ಹೂಂ ಕಣ್ರೀ, ಪೂರ್ತಿ ಹೋಯ್ತು.”