ಬಚ್ಚಿಟ್ಟುಕೊಳ್ಳುವ ಒಂಟೆ

"ಮತ್ತೆ ಮಂತ್ರಿ ಕಳ್ಕೊಂಡ್ಯಲ್ಲೇ ಗುಬ್ಬಿ. ನನ್ನ ಒಂಟೆ ಮೂಲೇಲೇ ಕೂತಿದೆ, ಕಣ್ಣೆಲ್ಲಿಟ್ಟಿದ್ದೆ?" ಎನ್ನುತ್ತ ಅಜ್ಜಿ ಚೆಸ್ ಹಲಗೆಯಿಂದ ಮೊಮ್ಮಗಳ ಮಂತ್ರಿಯನ್ನು ಎತ್ತಿಕೊಂಡರು. ಪ್ರತಿ ಆಟದಲ್ಲೂ ಅದೇ ಒಂಟೆ, ಅದೇ ತಪ್ಪು.

ಐದು ವರ್ಷದ ಗುಬ್ಬಿ ಕೈಕಟ್ಟಿ ಕೂತಳು. "ನಂಗೆ ಚೆಸ್ ಬರಲ್ಲ. ಇನ್ಮೇಲೆ ಆಡಲ್ಲ. ನಿನ್ನ ಒಂಟೆ ಬಚ್ಚಿಟ್ಕೊಳ್ಳುತ್ತೆ."

ಅಜ್ಜಿಗೆ ನಗು ಬಂತು. ಆದರೆ ಭೌತಶಾಸ್ತ್ರ ಕಲಿಸಿಯೇ ತಲೆ ನರೆತವರು. ನೋಡದೆ ತೀರ್ಪು ಕೊಡುವ ಅಭ್ಯಾಸವಿರಲಿಲ್ಲ. "ಏಳು, ನಿನ್ನ ಜಾಗ ಕೊಡು" ಎಂದು ಅವಳ ಕುರ್ಚಿಯಲ್ಲಿ ಕುಳಿತು, ಗದ್ದ ಮೇಜಿಗೆ ತಾಗುವಷ್ಟು ಬಗ್ಗಿದರು. ಗುಬ್ಬಿಯದೇ ರಾಜ, ಆನೆ, ಕುದುರೆಗಳು ಕಣ್ಣೆದುರು ಗೋಡೆ ಕಟ್ಟಿದ್ದವು. ಒಂಟೆ ಎಲ್ಲೂ ಕಾಣಲಿಲ್ಲ.

ಅಜ್ಜಿ ಎದ್ದು, ಮಂಚದ ದಿಂಬುಗಳನ್ನೆಲ್ಲ ತಂದು ಕುರ್ಚಿಯ ಮೇಲೆ ಪೇರಿಸಿ, ಅವಳನ್ನು ಎತ್ತಿ ಕೂರಿಸಿದರು. ಮಂತ್ರಿಯನ್ನು ಹಿಂದಿನ ಮನೆಗೇ ಮರಳಿಸಿದರು. "ನೀನು ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು ಕಂದ. ಇಲ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ." ಗುಬ್ಬಿ ಮೇಲಿನಿಂದ ಹಲಗೆಯನ್ನೆಲ್ಲ ನಿಧಾನವಾಗಿ ನೋಡಿದಳು. ಒಂಟೆಗೆ ನಾಲಗೆ ಚಾಚಿ ಅಣಕಿಸಿ, ಮಂತ್ರಿಯನ್ನು ಬೇರೆ ದಾರಿಯಲ್ಲಿ ಸರಿಸಿ, ಅಜ್ಜಿಯ ಆನೆಯನ್ನು ಮಡಿಲಿಗೆ ಹಾಕಿಕೊಂಡಳು. ಆಮೇಲೆ ತನ್ನ ಕೆಳಗಿನಿಂದ ಒಂದು ದಿಂಬು ಎಳೆದು ಚಾಚಿದಳು.

"ತಗೋ ಅಜ್ಜಿ, ನಿಂಗೂ ಕಾಣ್ತಿಲ್ಲ ಅನ್ಸುತ್ತೆ."