ಖಾಲಿ ರಸ್ತೆ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಕಂಪ್ಯೂಟರಿನ ಮುಚ್ಚಳ ಬಿಗಿದು, ಅಳಿಯ "ಈಗ ಓಡಿಸಿ ನೋಡಿ ಮಾವ" ಎಂದ. ಹಗಲೆಲ್ಲ ಸಿಟಿ ಬಸ್ಸು ಓಡಿಸಿ, ಸಂಜೆ ಮನೆಯಲ್ಲಿ ಕೂತು ಕಂಪ್ಯೂಟರ್ ಆಟದ ಬಸ್ಸು ಓಡಿಸುವ ಮಾವ ಮೇಜಿಗೆ ಸಿಕ್ಕಿಸಿದ ಸ್ಟಿಯರಿಂಗಿನ ಮೇಲೆ ಕೈಯಿಟ್ಟರು.

ಡಿಪೋ ಗೇಟು ದಾಟಿದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. ನಿನ್ನೆಯವರೆಗೆ ಬೋಳಾಗಿದ್ದ ರಸ್ತೆಯಲ್ಲಿ ಈಗ ಕಾರುಗಳು ಕಿಕ್ಕಿರಿದಿದ್ದವು. ಎಡಗಡೆಯಿಂದ ಸ್ಕೂಟರಿನವನೊಬ್ಬ ನುಗ್ಗಿದ. ನಿಲ್ದಾಣದಲ್ಲಿ ಜನರ ದಂಡೇ ಕೈ ಅಡ್ಡ ಹಾಕಿತು. ಫೋನಿನಲ್ಲಿ ಮಾತಾಡುತ್ತ ಹೆಂಗಸೊಬ್ಬಳು ಬಸ್ಸಿನ ಮೂಗಿನ ಮುಂದೆಯೇ ರಸ್ತೆ ದಾಟಿದಳು. ಮಾವನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಬಾಯಿಗೆ ಬಂದ ಬೈಗುಳವನ್ನು ಅಳಿಯನ ಮುಖ ನೋಡಿ ನುಂಗಿಕೊಂಡರು.

"ಹಳೇ ಕಾರ್ಡಿಗೆ ತಾಕತ್ತಿರಲಿಲ್ಲ ಮಾವ, ಅದಕ್ಕೇ ಜನ, ಟ್ರಾಫಿಕ್ಕು ಏನೂ ಬರ್ತಿರಲಿಲ್ಲ. ಈಗ ನೋಡಿ, ಥೇಟ್ ನಿಮ್ಮ ರೂಟೇ!" ಅಳಿಯ ಹಿಗ್ಗಿ ಹೀರೇಕಾಯಿಯಾಗಿದ್ದ.

ಮಾವ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ತುಂಬಾ ಚೆನ್ನಾಗಿದೆ. ಆದ್ರೆ ಸದ್ಯಕ್ಕೆ ಆ ಹಳೇದನ್ನೇ ಹಾಕ್ಬಿಡಿ."

"ಮತ್ತೆ ಇದು?"

ತೆರೆಯ ಮೇಲೆ ಮುದುಕರೊಬ್ಬರು ಕಂಬಿ ಹಿಡಿದು ನಿಧಾನವಾಗಿ ಬಸ್ಸು ಹತ್ತುತ್ತಿದ್ದರು. ಅವರು ಹತ್ತಿ ಕೂರುವ ತನಕ ಮಾವ ಕಾದರು. ಆಮೇಲೆ ಮೆಲ್ಲಗೆ ಗೇರು ಹಾಕಿದರು.

"ಡಬ್ಬದಲ್ಲಿ ಜೋಪಾನವಾಗಿಡಿ. ಬರೋ ವರ್ಷ ರಿಟೈರ್ ಆಗ್ತೀನಲ್ಲ, ಆವತ್ತೇ ಸಂಜೆ ಹಾಕ್ಕೊಡಿ. ಆಗ ಬೇಕಾಗ್ತಾರೆ ಇವರೆಲ್ಲ."