ಇಳಿಬಿಟ್ಟ ಫೆಂಡರ್

ಕ್ಲೆಮೆಂಟ್ ವಿಗ್ಮೋರ್ ತನ್ನ ದೋಣಿಯನ್ನು ಕಾಲುವೆಯ ಲಾಕ್‌ನೊಳಗೆ, ಅಂದರೆ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಎರಡು ಗೇಟುಗಳ ನಡುವಿನ ಇಟ್ಟಿಗೆ ತೊಟ್ಟಿಯೊಳಗೆ, ತರುತ್ತಿದ್ದಂತೆಯೇ, ಹಿಂದೆ ಸರದಿ ಕಾಯುತ್ತಿದ್ದ ಥರ್ಜಾ ಬ್ಲೂರ್ ಕೂಗಿದಳು. ಕಾಲುವೆಯುದ್ದಕ್ಕೂ ದೋಣಿಯಲ್ಲೇ ಕಲ್ಲಿದ್ದಲು ಮಾರಿ ಬದುಕುವ ಮುದುಕಿ ಅವಳು.

"ಏನ್ ಯಜಮಾನ್ರೇ, ಒಳಚಡ್ಡಿ ಎಲ್ಲಾ ಹೊರಗೇ ಒಣಗ್ತಾ ಇದೆ!"

ಅವಳು ಆಡಿಕೊಂಡದ್ದು ದೋಣಿಯ ಎರಡೂ ಪಕ್ಕ ನೇತಾಡುತ್ತಿದ್ದ ಫೆಂಡರ್‌ಗಳನ್ನು. ದೋಣಿ ದಡಕ್ಕೆ ಕಟ್ಟಿ ನಿಂತಾಗ ಮೈ ಉಜ್ಜದಿರಲಿ ಎಂದು ಇಳಿಬಿಡುವ ಹಗ್ಗದ ದಿಂಡುಗಳು ಅವು. ಹೊರಟಾಗ ಮೇಲಕ್ಕೆಳೆದುಕೊಳ್ಳಬೇಕೆಂದು ನಮ್ಮ ಕಾಲುವೆಯಲ್ಲಿ ನಾಯಿಗೂ ಗೊತ್ತು. ಕ್ಲೆಮೆಂಟ್‌ಗೆ ಗೊತ್ತಿರಲಿಲ್ಲ, ಹೇಳಿದವರ ಮಾತು ಕೇಳುವ ಜಾತಿಯೂ ಅವನದಲ್ಲ. ಆ ವರ್ಷ ದೋಣಿಗೆ ಹೊಸದಾಗಿ ಕಡುಹಸಿರು ಬಣ್ಣ ಬಳಿಸಿ, ಮೈತುಂಬ ಗುಲಾಬಿ ಬರೆಸಿದ್ದ. ಆ ಗುಲಾಬಿಗೆ ಇಟ್ಟಿಗೆ ಸೋಕಬಾರದೆಂದು, ಇಕ್ಕಟ್ಟಿನ ಲಾಕ್‌ಗೂ ಹಿಡಿಸುವಂತೆ ಸಣ್ಣಗೆ ಹೆಣೆಸಿದ ಫೆಂಡರ್‌ಗಳನ್ನು ತೋರಣದ ಹಾಗೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ. ದೋಣಿಯ ಚಾವಣಿ ಮೇಲಿಟ್ಟರೆ ಬಣ್ಣ ಗೀಚುತ್ತದೆಂದು, ಗೇಟಿನ ತೂಬಿಗೆ ಸಿಕ್ಕಿಸಿ ತಿರುಗಿಸುವ ಎರಡು ಕಬ್ಬಿಣದ ಹ್ಯಾಂಡಲ್‌ಗಳಲ್ಲಿ ಒಂದನ್ನು ಯಾರಿಗೋ ಕೊಟ್ಟೇಬಿಟ್ಟಿದ್ದ. ಉಳಿದೊಂದು ಹೆಂಡತಿ ಎಸ್ಮೆಯ ಸೊಂಟದ ಪಟ್ಟಿಯಲ್ಲಿತ್ತು.

ಗಂಡಸು ಚುಕ್ಕಾಣಿ ಹಿಡಿದು ದೊರೆಯಂತೆ ನಿಲ್ಲುವುದು, ಹೆಂಗಸು ದಡದ ಮೇಲೆ ಓಡಾಡಿ ಗೇಟು ತಳ್ಳುವುದು, ತೂಬು ಎತ್ತಿ ಲಾಕ್‌ನ ನೀರು ಹೊರಬಿಟ್ಟು ದೋಣಿಯನ್ನು ಕೆಳಗಿನ ಮಟ್ಟಕ್ಕೆ ಇಳಿಸುವುದು, ಇದು ಇಲ್ಲಿಯ ರೂಢಿ. ರೂಢಿ ಮಾಡಿದವನು ಗಂಡಸೇ ಇರಬೇಕು.

"ಕ್ಲೆಮ್, ಅವನ್ನ ಮೇಲಕ್ಕೆ ಎಳ್ಕೋ," ಎಂದಳು ಎಸ್ಮೆ. "ಫೆಂಡರ್ ಇರೋದು ನಿಂತಿರೋ ದೋಣಿಗೆ. ಹೋಗ್ತಿರೋ ದೋಣಿಗಲ್ಲ."

"ಆ ಇದ್ದಲು ಮುದುಕಿ ಹೇಳಿಕೊಟ್ಟಳಾ? ಅವಳ ದೋಣಿ ನೋಡು, ನೆಗ್ಗಿದ ಪಾತ್ರೆ ಇದ್ದಂಗಿದೆ. ನೀನು ಹ್ಯಾಂಡಲ್ ತಿರುಗಿಸು. ತಲೆ ಓಡಿಸೋದು ನನಗೆ ಬಿಡು."

ಎಸ್ಮೆ ಕೆಳಗಿನ ಗೇಟಿನ ಎರಡು ತೂಬುಗಳನ್ನೂ ಎತ್ತಿದಳು. ನೀರು ಇಳಿಯಿತು, ಜೊತೆಗೆ ದೋಣಿಯೂ ಇಳಿಯಿತು. ಆಮೇಲೆ ದೋಣಿ ನಿಂತಿತು, ನೀರು ನಿಲ್ಲಲಿಲ್ಲ. ಗೋಡೆ ಉಬ್ಬಿದ್ದ ಕಡೆ ಎಡಗಡೆಯ ಫೆಂಡರೊಂದು ಬೆಣೆಯಂತೆ ಸಿಕ್ಕಿಕೊಂಡಿತ್ತು. ಆ ಪಕ್ಕ ಗೋಡೆಗೆ ನೇತುಬಿದ್ದು, ಈ ಪಕ್ಕ ನೀರಿನ ಜೊತೆ ವಾಲತೊಡಗಿತು. ಒಳಗೆ ಪಿಂಗಾಣಿಯೆಲ್ಲ ಉರುಳಿ ಒಡೆದ ಸದ್ದು. ಇನ್ನೊಂದು ಗೇಣು ವಾಲಿದರೆ ಕಿಟಕಿಯಿಂದ ನೀರು ನುಗ್ಗುವುದು ಖಂಡಿತ. ಇದ್ದ ಮನೆ ಮಾರಿ ಕೊಂಡ ದೋಣಿ ಅದು. ಮುಳುಗಿದರೆ ಮನೆಯೇ ಮುಳುಗಿದಂತೆ.

"ತೂಬು ಮುಚ್ಚೇ! ಬೇಗ ಮುಚ್ಚೇ! ಬಣ್ಣ ಹೋಯ್ತು!" ಕ್ಲೆಮೆಂಟ್ ಚೀರಿದ. ಮುಳುಗುವ ಹೊತ್ತಿನಲ್ಲೂ ಅವನ ಬಾಯಿಗೆ ಬಂದದ್ದು ಬಣ್ಣ.

ಎಸ್ಮೆ ಹ್ಯಾಂಡಲ್ ಸಿಕ್ಕಿಸಿ, ತೂಬನ್ನು ತಡೆದು ಹಿಡಿದಿದ್ದ ಕೊಕ್ಕೆ ತೆಗೆದಳು. ತೂಬು ಧಡಾರನೆ ಇಳಿಯಿತು, ಗರಗರನೆ ತಿರುಗಿದ ಹ್ಯಾಂಡಲ್ ಅವಳ ಮಣಿಕಟ್ಟಿಗೆ ಬಡಿಯಿತು. ಕೈ ಒದರಿಕೊಂಡೇ ಆಚೆ ದಾಟಿ ಎರಡನೆಯದನ್ನು ಮುಚ್ಚಿದಳು. ಮೇಲಿನ ಗೇಟಿಗೆ ಓಡಿ ಅಲ್ಲಿಯ ತೂಬು ಎತ್ತಿ ನೀರು ಒಳಬಿಟ್ಟಳು. ನೀರು ಏರಿತು, ಫೆಂಡರ್ ಸಡಿಲಿತು, ದೋಣಿ ನೆಟ್ಟಗಾಯಿತು. ಅಷ್ಟರಲ್ಲಿ ಥರ್ಜಾ ಓಡಿಬಂದು, ತನ್ನ ತಲೆವಸ್ತ್ರ ಬಿಚ್ಚಿ ಎಸ್ಮೆಯ ಊದಿದ ಮಣಿಕಟ್ಟಿಗೆ ಕಟ್ಟಿದಳು.

ಕ್ಲೆಮೆಂಟ್ ಒಂದೊಂದಾಗಿ ಫೆಂಡರ್‌ಗಳನ್ನೆಲ್ಲ ಮೇಲಕ್ಕೆಳೆದುಕೊಂಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, "ಮೊದಲೇ ಸ್ವಲ್ಪ ಗಟ್ಟಿಯಾಗಿ ಹೇಳಬಾರದಿತ್ತಾ?" ಎಂದ.

ಎಸ್ಮೆ ಮೇಲಿನ ತೂಬು ಮುಚ್ಚಿ, ಕೆಳಗಿನವನ್ನು ಇನ್ನೊಂದು ಕೈಯಿಂದ ತಿರುಗಿಸಿ ಎತ್ತಿದಳು. ದೋಣಿ ಮತ್ತೆ ಇಳಿಯಿತು, ಈ ಸಲ ಸಲೀಸಾಗಿ. ಅರ್ಧ ಇಳಿದಿತ್ತು, ಪಕ್ಕಕ್ಕೆ ಬಗ್ಗಿ ನೋಡುತ್ತಿದ್ದ ಕ್ಲೆಮೆಂಟ್ ಎದೆ ಬಡಿದುಕೊಂಡ.

"ಅಯ್ಯೋ, ಗುಲಾಬಿ ಮೇಲೆ ಗೀರು! ಒಂದ್ ಕ್ಷಣ ಮುಂಚೆ ಮುಚ್ಚಿದ್ರೆ ಆಗ್ತಿರಲಿಲ್ಲ ಇದು. ಕೈ ಏನು ಬೆಣ್ಣೇದಾ ನಿಂದು?"

ಎಸ್ಮೆ ನಿಧಾನವಾಗಿ ಒಂದು ತೂಬು ಮುಚ್ಚಿದಳು. ಆಚೆ ಹೋಗಿ ಇನ್ನೊಂದನ್ನೂ ಮುಚ್ಚಿದಳು. ನೀರು ನಿಂತಿತು, ದೋಣಿ ಮೇಲೂ ಇಲ್ಲ, ಕೆಳಗೂ ಇಲ್ಲ, ನಡುವೆ ನಿಂತಿತು. ಅವಳು ಹ್ಯಾಂಡಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯಾಕೇ ನಿಲ್ಲಿಸ್ದೆ? ಆ ಹ್ಯಾಂಡಲ್ ಇಲ್ಲಿ ಎಸಿ!"

"ಎಸೆದ್ರೆ ಚಾವಣಿ ಬಣ್ಣ ಗೀಚುತ್ತೆ, ಕ್ಲೆಮ್."

"ಬಾರಮ್ಮ, ಟೀ ಇಟ್ಟಿದೀನಿ," ಎಂದಳು ಥರ್ಜಾ. "ನನಗೇನೂ ಅವಸರ ಇಲ್ಲ."

ಗೋಡೆಯಲ್ಲಿ ಪಾಚಿಗಟ್ಟಿದ ಕಬ್ಬಿಣದ ಏಣಿಯೊಂದಿತ್ತು. ಹತ್ತಿ ಬಂದು ತಪ್ಪಾಯಿತೆಂದು ಒಂದು ಮಾತು ಹೇಳಬಹುದಿತ್ತು ಅವನು. ಆದರೆ ದೋಣಿ ಗೋಡೆಯ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು. ಕ್ಲೆಮೆಂಟ್ ಎರಡೂ ಅಂಗೈಗಳನ್ನು ಒದ್ದೆ ಇಟ್ಟಿಗೆಗೆ ಒತ್ತಿ, ದೋಣಿಯನ್ನು ದೂರ ತಳ್ಳುತ್ತಾ ನಿಂತ.

ಥರ್ಜಾಳ ಹಿಂದೆ ಹೊರಟಿದ್ದ ಎಸ್ಮೆ ಒಮ್ಮೆ ತಿರುಗಿ ನೋಡಿದಳು.

"ಈಗ ಇಳಿಬಿಡು ಫೆಂಡರ್‌ನ," ಎಂದಳು. "ದೋಣಿ ನಿಂತಿದೆ."